ಐದು ಮೊಳಕ್ಕೆ ನಾಲ್ಕು ಬೆರಳು ಕಡಿಮೆ

ಅಜ್ಜ ತೀರಿಕೊಂಡದ್ದು ಕಾರ್ತಿಕದಲ್ಲಿ, 94ನೆಯ ವಯಸ್ಸಿನಲ್ಲಿ. ಹಿಂದಿನ ಸಂಜೆಯೂ ಪಡಸಾಲೆಯಲ್ಲಿ ಕುಳಿತು ಪಕ್ಕದ ಮನೆಯ ಹುಡುಗನ ಬುಗುರಿಗೆ ಮೊಳೆ ಕೂರಿಸಿಕೊಟ್ಟಿದ್ದನಂತೆ. ನಾನು ಬೆಂಗಳೂರಿನಿಂದ ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮುಖ ನೋಡಲಾಗಲಿಲ್ಲ ಎಂಬ ಸಂಕಟ ಎದೆಯಿಂದ ಇಳಿಯಲೇ ಇಲ್ಲ. ಪುಷ್ಯ ಮಾಸ ಬಂದಾಗ ಮಾಮಾನಿಗೆ ಫೋನ್ ಮಾಡಿ, "ಅಜ್ಜ ಪ್ರತಿ ವರ್ಷ ಹೋಗುತ್ತಿದ್ದ ದಾರಿಯಲ್ಲಿ ಒಮ್ಮೆ ಹೋಗಿ ಬರೋಣವೇ?" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹುಬ್ಬಳ್ಳಿಗೆ ಬಾ ತಂಗಿ, ನಾನು ಅಲ್ಲಿ ನಿಂತಿರುತ್ತೇನೆ" ಎಂದ.

ಅಜ್ಜ ಬಡಿಗ. ಮಲಪ್ರಭೆಯ ದಂಡೆಯ ಹಳ್ಳಿಯಲ್ಲಿ ಹನ್ನೊಂದನೆಯ ವಯಸ್ಸಿಗೆ ಬಾಚಿ ಹಿಡಿದವನು. ಊರಿಗೆಲ್ಲ ಅವನು ಬಡಿಗೇರಜ್ಜ. ದೀಪಾವಳಿ ಮುಗಿದೊಡನೆ ಕಿರವತ್ತಿಗೆ ಹೋಗಿ ಸಾಗವಾನಿ ತರುತ್ತಿದ್ದ. ಅದನ್ನು ಮುಂದಿನ ವರ್ಷಕ್ಕೆಂದು ಒಣಗಲು ಬಿಟ್ಟು, ಹಿಂದಿನ ವರ್ಷ ತಂದ ಮರದಲ್ಲಿ ಬಾಗಿಲು ಚೌಕಟ್ಟುಗಳನ್ನು ಮಾಡಿ, ಬನದ ಹುಣ್ಣಿಮೆಗೆ ಬಾದಾಮಿಯ ಬಳಿಯ ಬನಶಂಕರಿ ಜಾತ್ರೆಯಲ್ಲಿ ಮಾರುತ್ತಿದ್ದ. ನಾಲ್ಕು ಹೆಣ್ಣುಮಕ್ಕಳ ಮದುವೆ, ಇಬ್ಬರು ಗಂಡುಮಕ್ಕಳ ಓದು ಆ ದುಡ್ಡಿನಲ್ಲೇ ಆದದ್ದು.

ಮೊದಲನೆಯ ದಿನ: ಕಲಘಟಗಿ, ಕಿರವತ್ತಿ

ಹುಬ್ಬಳ್ಳಿಯಲ್ಲಿ ಚಹಾ ಕುಡಿದು ಯಲ್ಲಾಪುರದ ಬಸ್ ಹತ್ತಿದೆವು. ಕಲಘಟಗಿ ದಾಟಿದ ಮೇಲೆ ಬಯಲು ಸರಿದು ಕಾಡು ಶುರುವಾಗುತ್ತದೆ. ಕಪ್ಪು ನೆಲದ ನಮಗೆ ಮರಗಳು ಇಷ್ಟು ಒತ್ತಾಗಿ ನಿಂತಿರುವುದನ್ನು ನೋಡುವುದೇ ಒಂದು ಹಬ್ಬ. ಮಾಮಾ ಕಿಟಕಿಯಿಂದ ಕೈ ತೋರಿಸುತ್ತಾ ಮತ್ತಿ, ಹೊನ್ನೆ, ನಂದಿ, ಸಾಗವಾನಿ ಎಂದು ಹೆಸರು ಹೇಳುತ್ತಾ ಹೋದ. ಅಜ್ಜನೂ ಇದೇ ಬದಿಗೆ ಕುಳಿತು ಹೀಗೆಯೇ ಹೇಳುತ್ತಿದ್ದನಂತೆ.

ಕಿರವತ್ತಿಯ ಅರಣ್ಯ ಇಲಾಖೆಯ ನಾಟಾ ಡಿಪೋದಲ್ಲಿ ದಿಮ್ಮಿಗಳನ್ನು ಅಳತೆ, ದರ್ಜೆಯಂತೆ ಒಟ್ಟಿ, ತುದಿಗೆ ನಂಬರು ಹಾಕಿ ಲಿಲಾವಿಗೆ ಇಡುತ್ತಾರೆ. ದೊಡ್ಡ ವ್ಯಾಪಾರಿಗಳ ಎದುರು ಕೂಗುವ ಶಕ್ತಿ ಅಜ್ಜನಿಗಿರಲಿಲ್ಲ. ಸುತ್ತಲಿನ ಹಳ್ಳಿಗಳ ಇನ್ನೂ ನಾಲ್ವರು ಬಡಿಗರ ಜೊತೆ ದುಡ್ಡು ಕೂಡಿಸಿ, ಲಿಲಾವಿನಲ್ಲಿ ಗೆದ್ದವರಿಂದಲೇ ಸಣ್ಣ ದಿಮ್ಮಿಗಳನ್ನು ಕೊಂಡು, ಒಂದೇ ಲಾರಿಯಲ್ಲಿ ಹೇರಿಕೊಂಡು ಬರುತ್ತಿದ್ದ.

ಕೊಳ್ಳುವ ಮೊದಲು ಕೊಡಲಿಯ ಹಿಂಬದಿಯಿಂದ ದಿಮ್ಮಿಯ ಒಂದು ತುದಿಗೆ ತಟ್ಟಿ, ಇನ್ನೊಂದು ತುದಿಗೆ ಕಿವಿ ಇಟ್ಟು ಕೇಳುತ್ತಿದ್ದನಂತೆ. ಒಳಗೆ ಪೊಳ್ಳಿದ್ದರೆ ದನಿ ಒಡೆದು ಬರುತ್ತದೆ. ಕೊಯ್ದ ಮುಖದ ಉಂಗುರಗಳನ್ನು ಬೆರಳಲ್ಲಿ ಎಣಿಸಿ, ತಿರುಳು ಎಷ್ಟು, ತೊಗಟೆಯ ಪಕ್ಕದ ಬಿಳಿಭಾಗ ಎಷ್ಟು ಎಂದು ನೋಡುವನು. ಬಿಳಿಭಾಗಕ್ಕೆ ಹುಳು ಬೀಳುತ್ತದೆ, ಅದನ್ನು ಚೌಕಟ್ಟಿಗೆ ಹಾಕಿದರೆ ಹತ್ತು ವರ್ಷಕ್ಕೆ ಪುಡಿ. "ಬಣ್ಣ ಬಳಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ನಾನು ಒಮ್ಮೆ ಅಂದಿದ್ದೆ" ಎಂದ ಮಾಮಾ. "ಆ ದಿನ ಅಪ್ಪ ನನ್ನ ಜೊತೆ ಊಟಕ್ಕೆ ಕೂರಲಿಲ್ಲ."

ಮರಳುವಾಗ ಕಲಘಟಗಿಯಲ್ಲಿ ಇಳಿದೆವು. ಇಲ್ಲಿಯ ಬಣ್ಣದ ತೊಟ್ಟಿಲು ನಮ್ಮ ಕಡೆ ಹೆಸರುವಾಸಿ. ಸಾಗವಾನಿಯ ಮೇಲೆ ಅರಗಿನ ಬಣ್ಣದಲ್ಲಿ ರಾಮಾಯಣದ, ಕೃಷ್ಣನ ಬಾಲಲೀಲೆಯ ಚಿತ್ರಗಳು. ಅಜ್ಜ ತನ್ನ ಮೊದಲ ಮಗಳ ಬಾಣಂತನಕ್ಕೆ ಇಂಥದೊಂದು ಒಯ್ಯಬೇಕೆಂದು ಬಂದು, ಬೆಲೆ ಕೇಳಿ, ತೊಟ್ಟಿಲಿನ ಸುತ್ತ ಮೂರು ಸುತ್ತು ಬಂದು, ಕೈ ಮುಗಿದು ಹೊರಟನಂತೆ. ಊರಿಗೆ ಹೋಗಿ ತಾನೇ ಒಂದನ್ನು ಮಾಡಿದ. ಬಣ್ಣವಿಲ್ಲ, ಕಂಬಗಳ ತುದಿಗೆ ನಾಲ್ಕು ಗಿಳಿ ಮಾತ್ರ. "ಚಿತ್ರ ಬರೆಯಲು ನನಗೆ ಬಾರದು, ಕೂಸಿಗೆ ಮರದ ವಾಸನೆ ಸಾಕು" ಎಂದಿದ್ದನಂತೆ. ಅದೇ ತೊಟ್ಟಿಲಿನಲ್ಲಿ ನಾವು ಒಂಬತ್ತು ಮೊಮ್ಮಕ್ಕಳು ಮಲಗಿದ್ದೇವೆ. ಗಿಳಿಗಳ ಕೊಕ್ಕು ನಮ್ಮೆಲ್ಲರ ಹಾಲುಹಲ್ಲುಗಳಿಂದ ಸವೆದಿದೆ.

ಎರಡನೆಯ ದಿನ: ಗದಗ ದಾಟಿ ಬಾದಾಮಿಗೆ

ಇಡೀ ದಿನ ಪ್ರಯಾಣವೇ. ಗದಗದಿಂದ ಮುಂದೆ ರೈಲಿನ ಎರಡೂ ಬದಿಗೆ ಎರೆ ನೆಲ, ತೆನೆ ಬಿಟ್ಟು ನಿಂತ ಬಿಳಿಜೋಳ, ಕಡಲೆ, ನಡುನಡುವೆ ಹೂಬಿಟ್ಟ ಕುಸುಬಿಯ ಸಾಲು. ಆ ಸಾಲುಗಳ ನೇರ ನೋಡಿ ಮಾಮಾ ಕೂರಿಗೆಯ ಮಾತು ತೆಗೆದ.

ನನಗೆ ಅಜ್ಜ ಎಂದರೆ ಬಾಗಿಲು. ಆದರೆ ಅವನ ಅರ್ಧ ಆಯುಷ್ಯ ಕಳೆದದ್ದು ಒಕ್ಕಲುತನದ ಸಾಮಾನಿನಲ್ಲಿ: ನೇಗಿಲು, ಕುಂಟೆ, ಕೂರಿಗೆ, ನೊಗ, ಚಕ್ಕಡಿ. ಕೂರಿಗೆಯ ಬಟ್ಟಲಿಗೆ ಹೆಣ್ಣುಮಗಳು ಹಿಡಿ ಕಾಳು ಬಿಡುತ್ತಾ ನಡೆದರೆ, ಬಟ್ಟಲಿನ ತೂತುಗಳಿಂದ ಬಿದಿರಿನ ಕೊಳವೆಗಳಲ್ಲಿ ಇಳಿದು ಮೂರೋ ನಾಲ್ಕೋ ಸಾಲಿಗೆ ಕಾಳು ಒಂದೇ ಸಮ ಬೀಳಬೇಕು. ಒಂದು ತೂತು ಕೂದಲೆಳೆಯಷ್ಟು ಹೆಚ್ಚಾದರೂ ಒಂದು ಸಾಲು ಒತ್ತಾಗಿ, ಇನ್ನೊಂದು ಬೋಳಾಗಿ, ತಪ್ಪು ಇಡೀ ಊರಿಗೆ ಮೂರು ತಿಂಗಳು ಕಾಣುತ್ತದೆ. ಅಜ್ಜ ಕೂರಿಗೆ ಮಾಡಿದ ಮೇಲೆ ಅಂಗಳದಲ್ಲಿ ಬಟ್ಟೆ ಹಾಸಿ, ಕಾಳು ಬಿಟ್ಟು, ಪ್ರತಿ ಕೊಳವೆಯಿಂದ ಬಿದ್ದದ್ದನ್ನು ಬೇರೆ ಬೇರೆ ಎಣಿಸುತ್ತಿದ್ದ. ಎಣಿಸುವ ಕೆಲಸ ಮಕ್ಕಳದು. ನನ್ನ ಅವ್ವ ಲೆಕ್ಕ ಕಲಿತದ್ದೇ ಹಾಗೆ.

ಇದಕ್ಕೆಲ್ಲ ರೊಕ್ಕವಿಲ್ಲ, ಆಯ. ವರ್ಷವಿಡೀ ರೈತನ ಸಾಮಾನು ಮಾಡಿ, ರಿಪೇರಿ ಮಾಡಿ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಪಾಲಿನ ಜೋಳ ತರುವುದು. ಬೆಳೆ ಬಂದರೆ ಬಡಿಗನಿಗೂ ಬೆಳೆ, ಮಳೆ ಹೋದರೆ ಬಡಿಗನಿಗೂ ಬರ. 1972ರ ಬರದಲ್ಲಿ ಕಣಗಳೆಲ್ಲ ಖಾಲಿ. ಅಜ್ಜ ಹಗಲು ಬರಗಾಲದ ಕಾಮಗಾರಿಯಲ್ಲಿ ಜಲ್ಲಿ ಒಡೆದು, ರಾತ್ರಿ ಕಂದೀಲಿನ ಬೆಳಕಿನಲ್ಲಿ ಮನೆಯಲ್ಲಿದ್ದ ಹಳೆಯ ಮರವನ್ನೆಲ್ಲ ಸೇರಿಸಿ ಮೂರು ಚೌಕಟ್ಟು ಮಾಡಿದ. ಅವನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬನಶಂಕರಿಗೆ ಹೋದದ್ದು ಮೊದಲ ಸಲ. ಬಾಗಿಲಿನ ಕಸುಬು ಶುರುವಾದದ್ದು ಹಸಿವಿನಿಂದ. ನನಗೆ ಇದು ಗೊತ್ತೇ ಇರಲಿಲ್ಲ.

ಬಾದಾಮಿ ನಿಲ್ದಾಣದಿಂದ ಊರಿಗೆ ಐದು ಕಿಲೋಮೀಟರು. ಟಂಟಂನಲ್ಲಿ ಹೋಗಿ, ಕೋಣೆ ಹಿಡಿದು, ಮಲಗಿದೆವು.

ಮೂರನೆಯ ದಿನ: ಬನದ ಹುಣ್ಣಿಮೆ

ಬೆಳಿಗ್ಗೆ ಆರಕ್ಕೇ ಜನರ ಜೊತೆ ನಡೆದುಕೊಂಡು ಹೊರಟೆವು. ಚೊಳಚಗುಡ್ಡದ ದಾರಿಯಲ್ಲಿ ಟ್ರ್ಯಾಕ್ಟರುಗಳ ನಡುವೆ ಕೊಂಬಿಗೆ ಬಣ್ಣ ಬಳಿದ ಎತ್ತುಗಳ ಚಕ್ಕಡಿಗಳೂ ಇದ್ದವು. ಚಕ್ಕಡಿ ಕಂಡಾಗಲೆಲ್ಲ ಮಾಮಾ ಬಗ್ಗಿ ಗಾಲಿ ನೋಡುತ್ತಿದ್ದ. ಹೆಚ್ಚಿನವು ಈಗ ರಬ್ಬರ್ ಟೈರಿನವು. ಒಂದಕ್ಕೆ ಮಾತ್ರ ಮರದ ಗಾಲಿ, ಕಬ್ಬಿಣದ ಹಳಿ. ಅದರ ಪಕ್ಕದಲ್ಲೇ ಅರ್ಧ ಕಿಲೋಮೀಟರು ನಡೆದೆವು. ಹಳಿ ಕೂರಿಸುವ ದಿನ ಕುಳ್ಳಿನ ಬೆಂಕಿಯಲ್ಲಿ ಕಬ್ಬಿಣದ ಬಳೆ ಕೆಂಪಗೆ ಕಾಯುತ್ತಿದ್ದುದು, ಕಮ್ಮಾರ ಮತ್ತು ಅಜ್ಜ ಇಕ್ಕಳದಿಂದ ಅದನ್ನೆತ್ತಿ ಜಾಲಿಮರದ ಗಾಲಿಗೆ ಇಳಿಸುತ್ತಿದ್ದುದು, ನೀರು ಸುರಿದೊಡನೆ ಹಳಿ ಬಿಗಿದು ಗಾಲಿಯ ಕೀಲುಗಳೆಲ್ಲ ಒಮ್ಮೆಗೇ ನರಳುತ್ತಿದ್ದುದು ಮಾಮಾನ ಬಾಯಲ್ಲಿ ಬಂತು. ಆ ನರಳುವ ಸದ್ದು ಸರಿಯಾಗಿ ಬಂದರೆ ಮಾತ್ರ ಅಜ್ಜ ತಲೆಯ ಪಟಗ ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದನಂತೆ.

ಹರಿದ್ರಾ ತೀರ್ಥದ ಹೊಂಡದಲ್ಲಿ ಕೈಕಾಲು ತೊಳೆದು ದೇವಿಯ ದರ್ಶನಕ್ಕೆ ನಿಂತೆವು. ಚಾಲುಕ್ಯರ ಕಾಲದಿಂದಲೂ ಇಲ್ಲಿ ಶಾಕಂಭರಿ ಇದ್ದಾಳೆ. ಈಗ ಕಾಣುವ ಗುಡಿ 1750ರಲ್ಲಿ ಕಟ್ಟಿದ್ದು. ಕಾಯಿಪಲ್ಲೆಗಳಿಂದ ಜಗತ್ತನ್ನು ಸಲಹಿದವಳೆಂದು ಜಾತ್ರೆಯ ಮೊದಲು ಪಲ್ಯದ ಹಬ್ಬ ಮಾಡಿ 108 ಬಗೆಯ ಪಲ್ಯ ಎಡೆ ಇಡುತ್ತಾರೆ. ಬರದ ವರ್ಷ ಮೂರು ಚೌಕಟ್ಟು ಹೊತ್ತು ಬಂದ ಮನುಷ್ಯ ಈ ತಾಯಿಯ ಎದುರು ಏನು ಬೇಡಿಕೊಂಡಿದ್ದಾನು ಎಂದು ಯೋಚಿಸುತ್ತಾ ನಿಂತಾಗ ನನ್ನ ಕಣ್ಣು ತುಂಬಿತು.

ಆಮೇಲೆ ಬಾಗಿಲುಗಳ ಸಾಲಿಗೆ ಹೋದೆವು. ಕಂಡಿರದವರಿಗೆ ಇದನ್ನು ಹೇಗೆ ಹೇಳಲಿ! ಬಟ್ಟಬಯಲಲ್ಲಿ, ಮನೆಯಿಲ್ಲದೆ, ಗೋಡೆಯಿಲ್ಲದೆ, ಬರಿಯ ಬಾಗಿಲುಗಳು ಒಂದಕ್ಕೊಂದು ಒರಗಿ ನಿಂತಿವೆ. ಲಲಾಟದಲ್ಲಿ ಗಜಲಕ್ಷ್ಮಿ, ಪಕ್ಕದ ಕಂಬಗಳಲ್ಲಿ ಬಳ್ಳಿ, ಗಿಳಿ, ನವಿಲು. ಸಾಗವಾನಿ, ಮತ್ತಿ, ಬೇವು. ಹೊಸ ಮನೆ ಕಟ್ಟಿಸುವವರು ಬನಶಂಕರಿಯಿಂದಲೇ ಬಾಗಿಲು ಒಯ್ಯಬೇಕೆಂದು ದೂರದೂರದಿಂದ ಬರುತ್ತಾರೆ. ನಾನು ಏಳೆಂಟು ವರ್ಷದವಳಿದ್ದಾಗ ಅಜ್ಜನ ಚೌಕಟ್ಟುಗಳ ನಡುವೆ ಕಣ್ಣಾಮುಚ್ಚಾಲೆ ಆಡಿದ್ದೇನೆ. ಒಂದು ಹೊಸ್ತಿಲು ದಾಟಿದರೆ ಒಂದು ಮನೆ, ಇನ್ನೊಂದು ದಾಟಿದರೆ ಇನ್ನೊಂದು ಮನೆ.

ಅಜ್ಜ ಕೂರುತ್ತಿದ್ದ ಜಾಗ ಬೇವಿನ ಮರದ ಪಕ್ಕ. ಈಗ ಅಲ್ಲಿ ಬೇರೆ ಯಾರೋ ಅಂಗಡಿ ಹಾಕಿದ್ದರು. ನಾವು ಸುಮ್ಮನೆ ನಿಂತಿದ್ದಾಗ ರೋಣದ ಕಡೆಯ ಹಿರಿಯರೊಬ್ಬರು ಮಾಮಾನ ಮುಖ ನೋಡುತ್ತಾ ಬಂದು, "ನೀವು ಬಡಿಗೇರಜ್ಜನ ಮಗನಲ್ಲವೇ? ಎಲ್ಲಿ ಅವರು?" ಎಂದರು. ಸುದ್ದಿ ಕೇಳಿ ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮೂವತ್ತು ವರ್ಷದ ಹಿಂದೆ ಅಜ್ಜನಿಂದ ಬಾಗಿಲು ಕೊಂಡವರು. ಚೆಂದವಾಗಿ ಕಂಡ ಒಂದು ಚೌಕಟ್ಟಿಗೆ ಮುಂಗಡ ಕೊಡಲು ಹೋದರೆ ಅಜ್ಜ ಹಣ ಹಿಡಿಯದೆ, "ನಿಮ್ಮ ಮನೆಯಲ್ಲಿ ಹೊರಗಿನಿಂದ ನೀರು ತರುವವರು ಯಾರು? ಎಷ್ಟು ಎತ್ತರ ಇದ್ದಾರೆ?" ಎಂದು ಕೇಳಿದನಂತೆ.

"ನನಗೆ ಸಿಟ್ಟು ಬಂದಿತ್ತು. ಬಾಗಿಲಿಗೂ ನನ್ನ ಹೆಂಡತಿಯ ಎತ್ತರಕ್ಕೂ ಏನು ಸಂಬಂಧ ಅಂದೆ. ಅಜ್ಜ ಆ ಚೌಕಟ್ಟು ಕೊಡಲೇ ಇಲ್ಲ ನೋಡಿ. ಅದೇ ಬೆಲೆಗೆ ಅದಕ್ಕಿಂತ ಒಂದು ಗೇಣು ಹೆಚ್ಚು ಎತ್ತರದ್ದನ್ನು ಕೊಟ್ಟರು. ಇವತ್ತಿಗೂ ನನ್ನ ಮನೆಗೆ ಅದೇ ಬಾಗಿಲು." ಈಗ ಮೊಮ್ಮಗನ ಮನೆಗೆ ಬಾಗಿಲು ನೋಡಲು ಬಂದಿದ್ದರು. ಸೊಸೆಯ ಎತ್ತರವನ್ನು ದಾರದಲ್ಲಿ ಅಳೆದು, ದಾರವನ್ನು ಜೇಬಿನಲ್ಲಿಟ್ಟುಕೊಂಡು ತಂದಿದ್ದರು. ತೆಗೆದು ತೋರಿಸಿದರು.

ಮಧ್ಯಾಹ್ನ ಗುಡಿಯ ಬಳಿ ಬುಟ್ಟಿ ಇಟ್ಟುಕೊಂಡು ಕೂರುವ ಹೆಣ್ಣುಮಕ್ಕಳಿಂದ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಚಟ್ನಿ, ಮೊಸರು ಕೊಂಡು ಹೊಂಡದ ಕಟ್ಟೆಯಲ್ಲಿ ಉಂಡೆವು. ಆಗ ನಾನು ಕೇಳಿದೆ: "ಮಾಮಾ, ಅಜ್ಜ ಯಾಕೆ ಹಾಗೆ ಕೇಳುತ್ತಿದ್ದ?"

ಮಾಮಾ ಅಷ್ಟೇ ಆಶ್ಚರ್ಯದಿಂದ ನನ್ನನ್ನು ನೋಡಿದ. "ನಿನ್ನ ಅವ್ವ ಹೇಳಿಲ್ಲವೇ? ಅಮ್ಮನ ಕುತ್ತಿಗೆ ನೆನಪಿದೆಯಲ್ಲ?"

ನೆನಪಿದೆ. ಅಮ್ಮ, ಅಂದರೆ ನನ್ನ ಅಜ್ಜಿ, ಯಾರಾದರೂ ಕರೆದರೆ ತಲೆ ತಿರುಗಿಸುತ್ತಿರಲಿಲ್ಲ, ಇಡೀ ಮೈ ತಿರುಗಿಸುತ್ತಿದ್ದಳು. ಅದು ಅವಳ ರೀತಿ ಎಂದೇ ಚಿಕ್ಕಂದಿನಲ್ಲಿ ತಿಳಿದಿದ್ದೆ. ಮದುವೆಯಾಗಿ ಬಂದ ವರ್ಷ, ಹೊಳೆಯಿಂದ ನೀರು ಹೊತ್ತು, ತಲೆಯ ಮೇಲೆ ಸಿಂಬಿ, ಅದರ ಮೇಲೆ ದೊಡ್ಡ ಕೊಡ, ಅದರ ಮೇಲೆ ಚಿಕ್ಕ ಕೊಡ ಇಟ್ಟುಕೊಂಡು ಬಂದವಳು ಹಳೆಯ ಮನೆಯ ಗಿಡ್ಡ ಬಾಗಿಲಲ್ಲಿ ಮಂಡಿ ಮಡಿಸಿ ಬಗ್ಗುವಾಗ ಮೇಲಿನ ಕೊಡ ಚೌಕಟ್ಟಿಗೆ ತಾಗಿತು. ಅಷ್ಟೂ ಭಾರ ಕುತ್ತಿಗೆಯ ಮೇಲೆ ಹೊರಳಿತು. ನಾಟಿ ವೈದ್ಯರು ಎಣ್ಣೆ ತಿಕ್ಕಿದರು, ಪಟ್ಟು ಹಾಕಿದರು. ಕುತ್ತಿಗೆ ಮತ್ತೆ ಎಂದೂ ಸರಿಯಾಗಲಿಲ್ಲ. ನಮ್ಮ ಕಡೆ ಹಳೆಯ ಮನೆಗಳ ಬಾಗಿಲು ಗಿಡ್ಡ. ತಲೆಬಾಗಿ ಒಳಗೆ ಬರುವುದು ಮರ್ಯಾದೆ ಎನ್ನುತ್ತಾರೆ. ತಲೆಯ ಮೇಲೆ ಎರಡು ಕೊಡ ಹೊತ್ತವಳು ಹೇಗೆ ತಲೆಬಾಗಬೇಕು?

ಅಜ್ಜ ಆ ಚೌಕಟ್ಟನ್ನು ಕಿತ್ತು ಹಾಕಿದ. ಅಮ್ಮನನ್ನು ಅಂಗಳದಲ್ಲಿ ನಿಲ್ಲಿಸಿ, ಸಿಂಬಿ ಇಟ್ಟು, ಎರಡೂ ಖಾಲಿ ಕೊಡ ಇಟ್ಟು, ಅಳತೆಗೋಲು ನಿಲ್ಲಿಸಿ ಗೀರು ಹಾಕಿದ. ಐದು ಮೊಳಕ್ಕೆ ನಾಲ್ಕು ಬೆರಳು ಕಡಿಮೆ. ಹೆಂಡತಿಯನ್ನು ನಿಲ್ಲಿಸಿ ಅಳತೆ ತೆಗೆದ ಬಡಿಗ ಎಂದು ಊರು ಬಹಳ ದಿನ ನಕ್ಕಿತಂತೆ.

ಸಂಜೆ ತೇರು. ರಥದ ಹಗ್ಗ ಮಾಡಲಗೇರಿಯಿಂದ ಹಳಿಬಂಡಿಯಲ್ಲಿ ಬರುವುದು ಇಲ್ಲಿಯ ಪದ್ಧತಿ. ಉತ್ತತ್ತಿ, ಬಾಳೆಹಣ್ಣು ತೇರಿನ ಮೇಲೆ ಹಾರಿದವು. ಕತ್ತಲಾದ ಮೇಲೆ ನಾಟಕ ಕಂಪನಿಗಳ ದೀಪಗಳು ಹತ್ತಿಕೊಂಡವು. ಚೌಕಟ್ಟುಗಳೆಲ್ಲ ಮಾರಿದ ರಾತ್ರಿ ಅಮ್ಮನ ಜೊತೆ ಒಂದು ನಾಟಕ ನೋಡುವುದು ಅಜ್ಜ ವರ್ಷಕ್ಕೊಮ್ಮೆ ತನಗಾಗಿ ಮಾಡುತ್ತಿದ್ದ ಒಂದೇ ಖರ್ಚು. ಅಮ್ಮನ ಕುತ್ತಿಗೆ ತಿರುಗದ ಕಾರಣ ರಂಗದ ನಟ್ಟನಡುವಿಗೆ ಎದುರಾಗುವ ಕುರ್ಚಿಯ ಟಿಕೆಟನ್ನೇ ಕೊಳ್ಳುತ್ತಿದ್ದನಂತೆ. ನಾವೂ ಅಂಥ ಎರಡು ಕುರ್ಚಿ ಹಿಡಿದು ನಾಟಕ ನೋಡಿದೆವು.

ನಾಲ್ಕನೆಯ ದಿನ: ಪಟ್ಟದಕಲ್ಲು, ಐಹೊಳೆ

ಪಟ್ಟದಕಲ್ಲಿನಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಚಾಲುಕ್ಯರ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಶಾಸನದಲ್ಲಿ ಅದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರಿದೆ. ಕಸುಬುದಾರನ ಹೆಸರನ್ನು ಹನ್ನೆರಡು ಶತಮಾನಗಳ ಆಚೆಯಿಂದ ಓದುವುದು ಸಣ್ಣ ಮಾತಲ್ಲ. ಮಾಮಾ ಆ ಅಕ್ಷರಗಳ ಎದುರು ಕೈಮುಗಿದ.

ಅಜ್ಜನಿಗೆ ಇಷ್ಟವಾದದ್ದು ಐಹೊಳೆಯ ಲಾಡಖಾನ್ ಗುಡಿ. ಅದರ ಇಳಿಜಾರು ಮಾಡಿನಲ್ಲಿ ಕಲ್ಲಿನ ಹಾಸುಗಳ ಸಂದು ಮುಚ್ಚಲು ಉದ್ದುದ್ದ ಕಲ್ಲುಪಟ್ಟಿಗಳನ್ನು ಕೂರಿಸಿದ್ದಾರೆ, ಥೇಟು ಮರದ ದಿಮ್ಮಿಗಳನ್ನು ಹಾಸಿದಂತೆ. ನಾನು ಶಾಲೆಯ ರಜೆಯಲ್ಲಿ ಬಂದಾಗ ಅಜ್ಜ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಬಂದು ಇದನ್ನು ತೋರಿಸಿದ್ದ. "ಇದನ್ನು ಕಟ್ಟಿದವನ ಅಪ್ಪ ಬಡಿಗನಿರಬೇಕು" ಎಂದಿದ್ದ, ತುಂಬಾ ಗಂಭೀರವಾಗಿ. ಈಗ ಅದೇ ಮಾಡಿನ ಕೆಳಗೆ ನಿಂತು ಮೇಲೆ ನೋಡಿದಾಗ ಆ ಮಾತು ಕಿವಿಯ ಪಕ್ಕದಲ್ಲೇ ಕೇಳಿಸಿತು.

ಐದನೆಯ ದಿನ: ಊರು

ಮೊದಲು ಹೊಳೆಯ ದಂಡೆಯ ಹಳೆಯ ಊರಿಗೆ ಹೋದೆವು. 2009ರ ಅಕ್ಟೋಬರ್ ಆರಂಭದಲ್ಲಿ ಮಲಪ್ರಭೆ ಊರೊಳಗೆ ನುಗ್ಗಿದಾಗ ಮಣ್ಣಿನ ಮನೆಗಳು ಒಂದೊಂದಾಗಿ ಕುಸಿದವು. ನಮ್ಮ ಮನೆಯ ಗೋಡೆಗಳೂ ಹೋದವು. ನೀರು ಇಳಿದ ಮೇಲೆ ಬಂದು ನೋಡಿದರೆ ಕೆಸರಿನ ನಡುವೆ ಚೌಕಟ್ಟು ಮಾತ್ರ ನಿಂತಿತ್ತು. ಈಗ ಅಲ್ಲಿ ಜಾಲಿ ಬೆಳೆದಿದೆ. ಮಾಮಾ ಕಾಲಿನಿಂದ ಮಣ್ಣು ಸರಿಸಿ ಹೊಸ್ತಿಲಿನ ಕಲ್ಲು ಹುಡುಕಿ ತೋರಿಸಿದ.

ಎತ್ತರದ ಜಾಗದಲ್ಲಿ ಸರ್ಕಾರದ ಆಸರೆ ಮನೆಗಳು ಸಿಕ್ಕವು. ಬೀದಿಗೆ ನಲ್ಲಿಯೂ ಬಂತು. ಅಮ್ಮ ತೀರಿಹೋಗಿ ಆಗಲೇ ಐದು ವರ್ಷ. ಹೀಗಿದ್ದೂ 79ರ ಅಜ್ಜ ಆ ಚೌಕಟ್ಟನ್ನು ಅಗೆದು ತೆಗೆದು, ಹೊಳೆಯ ಮಣ್ಣು ತೊಳೆದು, ಎಣ್ಣೆ ಕುಡಿಸಿ, ಚಕ್ಕಡಿಯಲ್ಲಿ ಹೊಸ ಊರಿಗೆ ತಂದ. ಹೊಸ ಮನೆಯ ಬಾಗಿಲಿನ ತೆರಪಿಗೆ ಅದು ಹಿಡಿಸಲಿಲ್ಲ. ಕತ್ತರಿಸಿ ಕೂರಿಸೋಣ ಎಂದ ಮಾಮಾ. "ಅಳತೆ ಆಕೆಯದು, ಕತ್ತರಿಸಲು ನಾವು ಯಾರು?" ಎಂದ ಅಜ್ಜ. ಮನೆಯ ಮುಂದೆ ಕಲ್ಲಿನ ಗೋಡೆ ಎಬ್ಬಿಸಿ, ತಗಡು ಹೊದಿಸಿ, ಒಂದು ಪಡಸಾಲೆ ಮಾಡಿ, ಅದಕ್ಕೆ ಆ ಚೌಕಟ್ಟು ನಿಲ್ಲಿಸಿದ. ಒಂದು ಚೌಕಟ್ಟಿಗಾಗಿ ಒಂದು ಪಡಸಾಲೆ. ಕೆಲಸಕ್ಕೆ ನಾಲ್ಕು ತಿಂಗಳು ಹಿಡಿಯಿತು, ನಡುವೆ ಬಿಟ್ಟದ್ದು ಅಮಾವಾಸ್ಯೆಗಳನ್ನು ಮಾತ್ರ. ಅಮಾವಾಸ್ಯೆಯಂದು ಅವನು ಎಂದೂ ಉಳಿ ಮುಟ್ಟಿದವನಲ್ಲ.

ಆ ಪಡಸಾಲೆಯ ಮೂಲೆಯಲ್ಲಿ ಅಜ್ಜನ ಪೆಟ್ಟಿಗೆ ಹಾಗೆಯೇ ಇದೆ. ಬಾಚಿ, ಉಳಿಗಳು, ಕೊಡತಿ, ಬೈರಿಗೆ, ಮೂಲೆಮಟ್ಟ. ಬಾಚಿಯ ಹಿಡಿಯಲ್ಲಿ ಅವನ ಹೆಬ್ಬೆರಳು ಕೂರುವ ಕಡೆ ತಗ್ಗು ಬಿದ್ದಿದೆ. ನನ್ನ ಹೆಬ್ಬೆರಳನ್ನು ಅಲ್ಲಿಟ್ಟು ನೋಡಿದೆ. ತಗ್ಗು ದೊಡ್ಡದು. ಮಾಮಾ ಅಳತೆಗೋಲು ತೆಗೆದು ನನ್ನ ಕೈಗೆ ಕೊಟ್ಟ. ಮೊಳ, ಗೇಣಿನ ಗೀರುಗಳ ನಡುವೆ ಯಾವ ಲೆಕ್ಕಕ್ಕೂ ಸೇರದ ಒಂದು ಗೀರಿತ್ತು, ಉಳಿದವಕ್ಕಿಂತ ಆಳವಾಗಿ. ಅದನ್ನು ಚೌಕಟ್ಟಿಗೆ ಹಿಡಿದು ನಿಲ್ಲಿಸಿದೆ. ಸರಿಯಾಗಿತ್ತು.

ರಾತ್ರಿಯ ರೈಲಿಗೆ ನಾನು ಹೊರಡಬೇಕಿತ್ತು. ಹೊಲದಲ್ಲಿ ಕಡಲೆ ಕೀಳುವ ಆಳುಗಳು ಇದ್ದರು, ಅವರಿಗೆ ಊಟ ಒಯ್ಯಲು ಅತ್ತೆ ಅವಸರದಲ್ಲಿದ್ದಳು. ರೊಟ್ಟಿಯ ಬುಟ್ಟಿಯನ್ನು ತಲೆಗೇರಿಸಿ, ಅದರ ಮೇಲೆ ಮಜ್ಜಿಗೆಯ ಗಡಿಗೆ ಇಡಿಸಿಕೊಂಡು, ಪಡಸಾಲೆ ದಾಟುತ್ತಾ, "ನಿನ್ನ ಬುತ್ತಿ ಒಲೆಯ ಪಕ್ಕ ಕಟ್ಟಿಟ್ಟಿದ್ದೇನೆ, ಮರೆಯಬೇಡ ಮತ್ತೆ, ಅವ್ವನಿಗೂ ನಾಲ್ಕು ರೊಟ್ಟಿ ಹೆಚ್ಚು ಇಟ್ಟಿದ್ದೇನೆ" ಎಂದು ಹೇಳುತ್ತಾ, ಮಾತು ನಿಲ್ಲಿಸದೆ, ತಲೆ ಬಗ್ಗಿಸದೆ, ನೆಟ್ಟಗೆ ಆ ಬಾಗಿಲಿನಿಂದ ಹೊರಗೆ ಹೋದಳು.